ಗಂಗತ್ತೆ ಹಿತ್ತಲಬಾಗಿಲು ದಾಟಿದ್ದು

ಸೀಳಿದ ಹಸಿಮೆಣಸಿನಕಾಯಿಗೆ ಎಳ್ಳು, ಹುಣಸೆ, ಬೆಲ್ಲ ಅರೆದು ತುಂಬಿ, ಕಡಲೆಹಿಟ್ಟಿನಲ್ಲಿ ಅದ್ದಿ ಕಾದ ಎಣ್ಣೆಗೆ ಬಿಡುವಾಗ ಏಳುವ ಘಾಟು ಈಗಲೂ ಮೂಗಿಗೆ ಬಡಿದರೆ, ಎಲ್ಲೇ ಇದ್ದರೂ ನಾನು ಸವಣೂರಿನ ನಮ್ಮ ಅಡುಗೆಮನೆಯಲ್ಲಿ ನಿಂತುಬಿಡುತ್ತೇನೆ. ಒಂದೇ ಕಿಟಕಿ, ಅದೂ ತಲೆಗಿಂತ ಮೇಲೆ. ಹೊಗೆಗೂ ಹೊರಹೋಗಲು ದಾರಿ ಸಾಲದ ಆ ಕೋಣೆಯಲ್ಲಿ ಗಂಗತ್ತೆ, ನನ್ನ ಅಪ್ಪನ ತಂಗಿ, ಬೆಳಗಿನಿಂದ ಸಂಜೆಯವರೆಗೆ ಇರುತ್ತಿದ್ದಳು. ಹದಿಮೂರಕ್ಕೇ ಗಂಡ ಸತ್ತು, ತಲೆ ಬೋಳಿಸಿಕೊಂಡು, ಕೆಂಪು ಸೀರೆಯುಟ್ಟು ತವರಿಗೆ ಮರಳಿದವಳು. ನಿಮ್ಮ ಮನೆಯಲ್ಲೂ ಇಂಥ ಒಬ್ಬ ಅತ್ತೆ ಇದ್ದಿರಬಹುದು. ಅಜ್ಜನಿಗೆ ಮಧ್ಯಾಹ್ನದ ನಿದ್ದೆ ಮುಗಿದೊಡನೆ ಬಿಸಿ ಮೆಣಸಿನಕಾಯಿ ಭಜಿ ಬೇಕು. ಕರಿಯುವವಳು ಅದನ್ನು ತಿನ್ನುವ ಹಾಗಿರಲಿಲ್ಲ.

ನನಗೆ ಒಂಬತ್ತು ವರ್ಷವಿದ್ದಾಗ, ಎರಡನೇ ಮಹಾಯುದ್ಧದ ದಿನಗಳಲ್ಲಿ, ನಮ್ಮ ಹಿತ್ತಲ ಆಚೆಯ ಬಯಲಲ್ಲಿ ನಾಟಕದ ಕಂಪನಿಯೊಂದು ತಂಬು ಹೊಡೆಯಿತು. ರಾಜನ ದಂಡು ರಂಗಕ್ಕೆ ಬರುವ ದೃಶ್ಯಕ್ಕೆಂದು ಪಲ್ಟಣದಿಂದ ನಿವೃತ್ತರಾದ ಬ್ಯಾಂಡಿನವರನ್ನೇ ಕರೆತಂದಿದ್ದರು. ದಿನವೂ ಮಧ್ಯಾಹ್ನ ತಾಲೀಮು. ಕಾರ್ನೆಟ್ಟೆಂಬ ಹಿತ್ತಾಳೆಯ ತುತ್ತೂರಿ ಕೂಗಿ ದೊಡ್ಡ ಢೋಲು ಗುದ್ದಿದಾಗ ನಮ್ಮ ಅಡುಗೆಮನೆಯ ಡಬ್ಬಿಗಳು ಅದುರುತ್ತಿದ್ದವು. ಅತ್ತೆಯ ಕೈ ನಿಲ್ಲುತ್ತಿತ್ತು. ಸೀರೆಯಂಚಿನ ಕೆಳಗೆ ಕಾಲಿನ ಹೆಬ್ಬೆರಳು ಮಾತ್ರ ಏಳುತ್ತ ಬೀಳುತ್ತ ಇರುತ್ತಿತ್ತು. ಒಂದು ದಿನ ಎಣ್ಣೆಗೆ ಕಾಯಿ ಬಿಟ್ಟವಳೇ ಎದ್ದು, ನನ್ನ ಕೈ ಹಿಡಿದು, ಹಿತ್ತಲಬಾಗಿಲು ದಾಟಿದಳು. ತಂಬುವಿನ ತೂತುಗಳಿಂದ ಬಿಸಿಲು ಸುರಿಯುತ್ತಿತ್ತು. ಕಟ್ಟಿಗೆಯ ಖಡ್ಗ ಹಿಡಿದು ಸಾಲಾಗಿ ಹೆಜ್ಜೆ ಹಾಕುತ್ತಿದ್ದವರು ಮಡಿಹೆಂಗಸನ್ನು ಕಂಡು ಹೆಜ್ಜೆ ನಿಲ್ಲಿಸಿದರು. ಕಾರ್ನೆಟ್ಟಿನ ಮುದುಕ ಮಾತ್ರ, "ಬರ್ರಿ ಅವ್ವಾರ, ಕುಂಡ್ರಿ" ಎಂದು ಪೆಟ್ಟಿಗೆಯೊಂದನ್ನು ಸರಿಸಿ, ಮೊದಲಿನಿಂದ ಮತ್ತೆ ನುಡಿಸಿದ. ಅತ್ತೆ ಕೂರಲಿಲ್ಲ. ಸೆರಗು ಬಿಗಿದು, ಗದ್ದ ಮೇಲೆತ್ತಿ, ನಿಂತಲ್ಲೇ ದಂಡಿನವರ ಹಾಗೆ ಹೆಜ್ಜೆ ಹಾಕಿದಳು. ಆಕೆ ಅಷ್ಟು ಎತ್ತರದವಳೆಂದು ನನಗೆ ಅಂದೇ ತಿಳಿದದ್ದು.

ಮರಳುವಷ್ಟರಲ್ಲಿ ಮನೆಯೆಲ್ಲ ಸೀದ ವಾಸನೆ. ಒಲೆಯ ಮುಂದೆ ನಿಂತಿದ್ದ ಅಜ್ಜ ಆಕೆಯನ್ನು ಏನೂ ಕೇಳಲಿಲ್ಲ, ನನ್ನನ್ನು ಕೇಳಿದರು. ಹೆದರಿ ಎಲ್ಲವನ್ನೂ ಹೇಳಿದೆ, ಹೆಜ್ಜೆ ಹಾಕಿದ್ದನ್ನೂ. ಮರುದಿನ ಗೌಂಡಿ ಬಂದು ಹಿತ್ತಲಬಾಗಿಲಿದ್ದಲ್ಲಿ ಗೋಡೆ ಎಬ್ಬಿಸಿದ. ಮಣ್ಣು ಕಲೆಸಲು ಒಳಗಿನ ಬಾವಿಯಿಂದ ನೀರು ಸೇದಿ ಕೊಟ್ಟವಳು ಗಂಗತ್ತೆಯೇ. ಅಡುಗೆಮನೆ ಇನ್ನಷ್ಟು ಕತ್ತಲಾಯಿತು. ಕಂಪನಿ ಹಾನಗಲ್ಲಿಗೆ ಹೋಯಿತು.

ಮದುವೆಯಾಗಿ ಹಿರೇಕೆರೂರಿಗೆ ಹೊರಡುವ ಮುನ್ನ, ಅಷ್ಟೂ ವರ್ಷ ಕೇಳದೆ ಉಳಿಸಿಕೊಂಡಿದ್ದ ಮಾತನ್ನು ಕೇಳಿಯೇಬಿಟ್ಟೆ: ನನ್ನ ಮೇಲೆ ಸಿಟ್ಟಿಲ್ಲವೇ ಎಂದು. ಆಕೆ ಅಕ್ಕಿ ಆರಿಸುತ್ತಿದ್ದಳು. ತಲೆಯೆತ್ತಲಿಲ್ಲ.

"ಯಾಕ ಸಿಟ್ಟು? ನೀ ಸುಳ್ಳ ಹೇಳಿದ್ದರ ನಾ ಹೋಗಿದ್ದು ಯಾರಿಗೂ ಗೊತ್ತಾಗ್ತಿರಲಿಲ್ಲ. ನಾ ಹೋಗಿದ್ದೆ. ಅದು ಗೊತ್ತಿರ್ಲಿ."

ಮುಂದಿನ ವರ್ಷವೇ ಜ್ವರದಲ್ಲಿ ತೀರಿಕೊಂಡಳು. ಅಜ್ಜ, ಅಪ್ಪ, ಆ ಮನೆ, ಯಾವುದೂ ಈಗಿಲ್ಲ. ಆಕೆ ಹೋಗಿದ್ದಳೆಂದು ಬಲ್ಲವಳು ನಾನೊಬ್ಬಳೇ ಉಳಿದಿದ್ದೆ. ಈಗ ನಿಮಗೂ ಗೊತ್ತು.