ಕೈ ಎಂದರೆ ಬಾಗಿಲು

೧೯೩೯ರಲ್ಲಿ ನಾನು ಹುಕ್ಕೇರಿಯ ಒಂದು ಶಾಲೆಯಲ್ಲಿ ಸಹಾಯಕ ಶಿಕ್ಷಕನಾಗಿದ್ದೆ. ಅದೇ ವರ್ಷ ಮನೋವಿಜ್ಞಾನದಲ್ಲಿ ಎಂ.ಎ.ಗೆ ಹೆಸರು ಹಚ್ಚಿದೆ. ತರಗತಿಯಲ್ಲಿ ಕೂತು ಪರೀಕ್ಷೆ ಬರೆಯುವ ಎಂ.ಎ. ಅಲ್ಲ, ಸ್ವಂತ ಸಂಶೋಧನೆ ಮಾಡಿ ಪ್ರಬಂಧ ಒಪ್ಪಿಸಬೇಕಿತ್ತು. ಮಾರ್ಗದರ್ಶಕರು ಪುಣೆಯಲ್ಲಿದ್ದರು. ಅವರ ಪಾಠವೆಲ್ಲ ಪತ್ರದಲ್ಲಿ.

ನನ್ನ ವಿಷಯ ಪದಸಾಹಚರ್ಯ ಪರೀಕ್ಷೆ. ನಾವು ಒಂದು ಪದ ಹೇಳುತ್ತೇವೆ. ಎದುರಿಗಿದ್ದವರು ಮನಸ್ಸಿಗೆ ಮೊದಲು ಬಂದ ಪದ ಹೇಳಬೇಕು. ನಡುವಿನ ಹೊತ್ತನ್ನು ಸ್ಟಾಪ್‌ವಾಚ್‌ನಲ್ಲಿ ಅಳೆಯುತ್ತೇವೆ. ಎರಡು ಸೆಕೆಂಡು ಸಾಮಾನ್ಯ. ಬಹಳ ತಡವಾದರೆ ಆ ಪದ ಒಳಗಿನ ಯಾವುದೋ ನೋವನ್ನು ಮುಟ್ಟಿದೆ ಎಂದು ಶಾಸ್ತ್ರ ಹೇಳುತ್ತದೆ. ಐವತ್ತು ಪದಗಳ ಪಟ್ಟಿ ಮಾಡಿ ಗೋಕಾಕ, ಹುಕ್ಕೇರಿಗಳಲ್ಲಿ ಜನರನ್ನು ಹುಡುಕಿದೆ. ಗಂಡಸರು ಸಿಕ್ಕರು. ಹೆಂಗಸರು ಪರಗಂಡಸಿನ ಎದುರು ಕೂರಲು ಒಪ್ಪಲಿಲ್ಲ.

ಪಂಚಮಿಗೆ ತಂಗಿ ನೀಲವ್ವ ಬಂದಳು. ಅವಳನ್ನು ಮೂಡಲಗಿಗೆ ಕೊಟ್ಟು ಎರಡು ವರ್ಷವಾಗಿತ್ತು. ಅಪ್ಪ ತೀರಿಕೊಂಡ ಮೇಲೆ ಅವಳಿಗೆ ತವರೆಂದರೆ ನಾನೇ. ಹಬ್ಬದ ಮರುದಿನ ಪಡಸಾಲೆಯಲ್ಲಿ ಕೂರಿಸಿಕೊಂಡೆ. ಅವಳು ನನ್ನ ಹದಿನೇಳನೆಯ ಪ್ರಯೋಗಾರ್ಥಿ.

"ಎಮ್ಮಿ" ಎಂದೆ.

"ಹಾಲ."

"ಉಪ್ಪ."

"ಖಾರ."

"ಮಾಸ್ತರ."

"ಬೆತ್ತ!" ಎಂದು ನಕ್ಕಳು. "ನಿನಗ ಅಲ್ಲಪಾ ಅಂದಿದ್ದು. ಹೊಡ್ಯಾಕ ನಿನಗೆಲ್ಲಿ ಬರತೈತಿ?"

ಇಪ್ಪತ್ಮೂರನೆಯ ಪದ ಬಂತು. "ಕೈ."

ಎಲ್ಲರೂ "ಕಾಲ" ಎಂದಿದ್ದರು. ನೀಲವ್ವನ ಎಡಗೈ ಸೆರಗಿನೊಳಗೆ ಹೋಯಿತು.

"ಬಾಗ್ಲಾ" ಎಂದಳು.

ಒಂಬತ್ತು ಸೆಕೆಂಡಿನ ಮೇಲೆ ಮುಳ್ಳು ಎರಡು ಗೆರೆ ದಾಟಿತ್ತು.

"ತಪ್ಪ ಹೇಳಿದ್ನೇನ ಅಣ್ಣಾ?"

"ಇದರಾಗ ತಪ್ಪು, ಖರೆ ಅಂತ ಇಲ್ಲವ್ವಾ" ಎಂದು ಮುಂದಿನ ಪದ ಓದಿದೆ. ಷರಾದಲ್ಲಿ 'ಕೈ ಸೆರಗಿನೊಳಗೆ' ಎಂದು ಬರೆದೆ. ಪರೀಕ್ಷೆ ನಡೆಯುವಾಗ ಉತ್ತರದ ಕಾರಣ ಕೇಳಬಾರದೆಂಬ ನಿಯಮವಿತ್ತು. ಮುಗಿದ ಮೇಲೆ ಕೇಳಬಹುದಿತ್ತು. ಆದರೆ ನಾನು ಆ ಸಂಜೆ ಪುಣೆಗೆ ಪತ್ರ ಬರೆಯುತ್ತ ಕೂತೆ. ಅಷ್ಟು ಒಳ್ಳೆಯ ಫಲಿತಾಂಶ ಅದುವರೆಗೆ ಸಿಕ್ಕಿರಲಿಲ್ಲ.

ಎಂಟು ದಿನಕ್ಕೆ ಅವಳ ಮೈದುನ ಚಕ್ಕಡಿ ಹೂಡಿಕೊಂಡು ಕರೆಯಲು ಬಂದ. ನೀಲವ್ವ ಒಳಗೆ ನನ್ನ ಮೇಜಿನ ಹತ್ತಿರ ನಿಂತಳು.

"ಅಣ್ಣಾ, ಇನ್ನೊಂದ ತಿಂಗಳ ಇರ್ತೀನಿ. ನಿನ್ನ ಪರೀಕ್ಷಾ ಮತ್ತೊಮ್ಮಿ ಕೊಡ್ತೀನಿ. ಈ ಸಲ ತಡಾ ಮಾಡಂಗಿಲ್ಲ."

"ಒಮ್ಮಿ ಕೊಟ್ಟವರದು ಎರಡನೇ ಸಲ ನಡಿಯಂಗಿಲ್ಲ ತಂಗಿ. ಪದಾ ಗೊತ್ತಾಗಿರ್ತಾವ. ಅವರು ಕಾಯಾಕತ್ತಾರ, ಹೋಗು."

ನಾನು ಹೇಳಿದ ನಿಯಮ ಸರಿಯಾಗಿಯೇ ಇತ್ತು. ಅವಳು ಚಕ್ಕಡಿ ಹತ್ತಿದಳು.

ದೀಪಾವಳಿಗೆ ಮೊದಲೇ ನೀಲವ್ವ ತೀರಿಕೊಂಡ ಸುದ್ದಿ ಬಂತು. ನಾನು ಮೂಡಲಗಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಐದು ದಿನದ ಜ್ವರ ಎಂದರು. ಹಿಂದಿರುಗುವಾಗ ಬಾಜೂ ಮನೆಯ ಮುದುಕಿ ನನ್ನನ್ನು ತಡೆದಳು.

"ನಿಮಗ ಹೇಳಿರ್ಲಿಲ್ಲೇನ್ರಿ ಮಾಸ್ತರ? ಕೇಳದ ಸಂತಿಗೆ ಹೋಗಿದ್ಳಂತ ಬಾಗ್ಲಸಂದ್ಯಾಗ ಕೈ ಇಡಿಸಿ ಬಾಗ್ಲಾ ಜಗ್ಗಿದ್ರು. ಎರಡ ಬೆರಳ ಹಂಗs ಸೊಟ್ಟ ಉಳದ್ವು. ಅಂಥಾವ್ರು ಜ್ವರಾ ಬಂದ್ರ ದವಾಖಾನಿಗೆ ಒಯ್ತಾರೇನ್ರಿ?"

ಎಂಟು ದಿನ ಅದೇ ಕೈಯಿಂದ ಅವಳು ನನಗೆ ರೊಟ್ಟಿ ಬಡಿದು ಹಾಕಿದ್ದಳು.

ಪ್ರಬಂಧವನ್ನು ೧೯೪೧ರಲ್ಲಿ ಒಪ್ಪಿಸಿದೆ, ಪದವಿ ಬಂತು. ಹದಿನೇಳನೆಯ ಸಾಲನ್ನು ತೆಗೆದುಹಾಕಲು ಕೈ ಬರಲಿಲ್ಲ. ಅದರ ಪಕ್ಕದಲ್ಲಿ ಮಾರ್ಗದರ್ಶಕರು 'ಉತ್ತಮ ಉದಾಹರಣೆ' ಎಂದು ಬರೆದಿದ್ದರು. ಅವರಿಗೆ ಅದು ಯಾರೆಂದು ನಾನು ಹೇಳಿರಲಿಲ್ಲ.

ಮುಂದೆ ನಿವೃತ್ತಿಯವರೆಗೂ ಶಿಕ್ಷಕರ ತರಬೇತಿಯಲ್ಲಿ ಮನೋವಿಜ್ಞಾನ ಕಲಿಸಿದೆ. ಈ ಪರೀಕ್ಷೆಯ ಪಾಠ ಬಂದಾಗಲೆಲ್ಲ ಸ್ಟಾಪ್‌ವಾಚನ್ನು ಮೇಜಿನ ಮೇಲೆ ಬೋರಲಾಗಿಟ್ಟು ಒಂದೇ ಮಾತು ಹೇಳುತ್ತಿದ್ದೆ: ಎದುರಿಗಿದ್ದವರು ಉತ್ತರಕ್ಕೆ ತಡವರಿಸಿದರೆ ಮುಳ್ಳನ್ನು ನೋಡಬೇಡಿ, ಅವರ ಕೈ ನೋಡಿ.