ಎಡಗಾಲ ಕೆಳಗಿನ ಟಕ್ ಟಕ್

ನಮ್ಮ ಹಳೆಯ ಕಾರಿನ ಮುಂಭಾಗದಲ್ಲಿ ಟಕ್ ಟಕ್ ಸದ್ದು ಶುರುವಾದಾಗ ಹೆಂಡತಿ ಹೇಳಿಬಿಟ್ಟಳು: "ಇದು ನಿಲ್ಲೂತನಕ ನಾ ತವರಿಗೆ ಬಸ್ಸಿನಾಗ ಹೊಕ್ಕೇನಿ. ಓಣಿ ಮಂದಿ ನಗ್ತಾರ." ಬ್ಯಾಡಗಿಯ ಮಾವನ ಮನೆ ಮುಂದೆ ಅವಳನ್ನು ಇಳಿಸಬೇಕೆಂದೇ ನಾನು ಆ ಕಾರು ಕೊಂಡಿದ್ದೆ.

ತಡವಾಗಿ ಶಾಲೆ ಕಲಿತ ನನಗೆ ಅಚ್ಚಾದದ್ದೆಲ್ಲ ಸತ್ಯ. ಶಾಕ್ ಅಬ್ಸಾರ್ಬರ್ ಹೋದರೆ ಹೀಗಾಗುತ್ತದೆ ಎಂದು ಪತ್ರಿಕೆಯಲ್ಲಿ ಓದಿ, ಹಾವೇರಿಯಲ್ಲಿ ಮುಂದಿನ ಎರಡನ್ನೂ ಬದಲಾಯಿಸಿದೆ. ಸದ್ದು ಹಾಗೇ ಇತ್ತು.

ಕೊನೆಗೆ ಸೀರೆಯಂಗಡಿಯ ಆಸೆ ತೋರಿಸಿ, ಅವಳನ್ನೂ ಕರೆದುಕೊಂಡು ರಾಣೆಬೆನ್ನೂರಿನ ಗ್ಯಾರೇಜ್ ಮಿಸ್ತ್ರಿಯ ಬಳಿ ಹೋದೆ. ನಾನು ಓದಿದ್ದನ್ನೆಲ್ಲ ಒದರಿದೆ. ಅವನು ಅವಳ ಕಡೆ ತಿರುಗಿದ.

"ಅಕ್ಕಾರ, ಬಾಜೂಕ ಕುಂದ್ರಾವ್ರು ನೀವು. ಯಾವಾಗ ಬಡೀತೈತ್ರಿ?"

"ತಿರುವಿನಾಗ ಸಾವಕಾಶ ಹೊಳ್ಳುವಾಗ. ನನ್ನ ಎಡಗಾಲ ಕೆಳಗ."

ಮಿಸ್ತ್ರಿ ಎಡಗಡೆಯ ಚಕ್ರವನ್ನು ಜಾಕ್ ಹಚ್ಚಿ ಎತ್ತಿದ. ಎರಡೂ ಬದಿ ಹಿಡಿದು ಅತ್ತಿತ್ತ ಅಲುಗಿಸಿದ. ಟಕ್ ಟಕ್. ಸ್ಟೇರಿಂಗಿನಿಂದ ಚಕ್ರಕ್ಕೆ ಬರುವ ಸರಳಿನ ತುದಿಯ ಕೀಲು ಸವೆದಿತ್ತು.

"ಸಾಹೇಬ್ರ, ಪೇಪರ್ ಓದೂಕಿಂತ ಮೊದಲ ಅಕ್ಕಾರನ್ನ ಕೇಳಬೇಕಿತ್ರಿ."

ಹೊಸ ಕೀಲು ಹಾಕಿಸಿ ಮರುದಿನ ಬ್ಯಾಡಗಿಗೆ ಹೊರಟೆವು. ಮೋಟೆಬೆನ್ನೂರಿನ ತಿರುವಿನಲ್ಲೂ ಸದ್ದಿಲ್ಲ. ನಾನು ಕೀಲು ಯಾಕೆ ಸವೆಯುತ್ತದೆಂದು ವಿವರಿಸುತ್ತಲೇ ಇದ್ದೆ.

"ಆ ಸಪ್ಪಳನ ಚಲೋ ಇತ್ತು," ಎಂದಳು. "ನಿಮ್ಮ ಮಾತು ಕೇಳಸ್ತಿರಲಿಲ್ಲ."

ಆದರೆ ತವರಿನ ಓಣಿ ಬಂದೊಡನೆ ಕಿಟಕಿಯ ಗಾಜನ್ನು ಪೂರ್ತಿ ಇಳಿಸಿ, ಸೆರಗು ಸರಿಮಾಡಿಕೊಂಡು, "ಇನ್ನಷ್ಟು ಸಾವಕಾಶ ನಡಸ್ರಿ," ಎಂದಳು.