ಅಕ್ಕ ಕಟ್ಟಿದ ಮಟ್ಟುಗಳು

ಮೊನ್ನೆ ಗಾಂಧಿಬಜಾರಿನ ಗ್ರಂಧಿಗೆ ಅಂಗಡಿಯಲ್ಲಿ ಕಷಾಯದ ಸಾಮಾನು ಕಟ್ಟಿಸಿಕೊಳ್ಳುತ್ತಿದ್ದೆ. ಅಂಗಡಿಯವರು ಪಕ್ಕದ ಡಬ್ಬ ತೆರೆದರು ನೋಡಿ, ಜೇಷ್ಠಮಧುವಿನ ವಾಸನೆ ಮೂಗಿಗೆ ಬಡಿಯಿತು. ನಿಮಗೂ ಹೀಗಾಗಿರಬಹುದು. ವಾಸನೆ ಮೊದಲು ಬರುತ್ತದೆ, ಮನುಷ್ಯರು ಅದರ ಹಿಂದೆ. ನನಗೆ ಬಂದವಳು ಸುಮಿತ್ರಕ್ಕ. ಗಂಟಲಿಗೆ ಒಳ್ಳೆಯದೆಂದು ಜೇಷ್ಠಮಧುವಿನ ಕಡ್ಡಿಯನ್ನು ದವಡೆಯಲ್ಲಿಟ್ಟು ಜಗಿಯುತ್ತ, ಹಾಡಿಗೆ ಹೊಸ ಮಟ್ಟು ಹುಡುಕುತ್ತಿದ್ದ ನನ್ನ ಒಡಹುಟ್ಟಿದ ಅಕ್ಕ. ಅವಳು ಹೋಗಿ ಎರಡು ವರ್ಷವಾಗುತ್ತ ಬಂತು.

ಅಕ್ಕ ಹೆಸರುವಾಸಿಯೇನಲ್ಲ. ತಾನೇ ನಾಲ್ಕು ಸಾಲು ಬರೆದು, ತಾನೇ ರಾಗ ಹಾಕಿ, ಮನೆಯವರ ಮುಂದೆ ಹಾಡುತ್ತಿದ್ದಳು, ಅಷ್ಟೇ. ಹನುಮಂತನಗರದ ಗುಡ್ಡದ ಪಕ್ಕದ ಬಾಡಿಗೆ ಮನೆಯಲ್ಲಿ ನಾವಿದ್ದಾಗ ಅವಳು ಕಾಲೇಜು, ನಾನು ಹೈಸ್ಕೂಲು. ಆ ವಯಸ್ಸಿನ ಅವಳ ಮಟ್ಟುಗಳೆಲ್ಲ ಗುಡ್ಡ ಹತ್ತುವಂಥವು. ಶುರುವಾಗುವುದೇ ಮೇಲಿನ ಸ್ಥಾಯಿಯಲ್ಲಿ, ಅಲ್ಲಿಂದ ಇನ್ನೂ ಮೇಲಕ್ಕೆ. ಉಸಿರು ತೆಗೆದುಕೊಳ್ಳಲು ಜಾಗವೇ ಇರುತ್ತಿರಲಿಲ್ಲ. ಕಟ್ಟಿದ್ದನ್ನೆಲ್ಲ ಮೊದಲು ನನ್ನಿಂದ ಹಾಡಿಸುತ್ತಿದ್ದಳು. ನನ್ನ ಕಂಠದ ಮೇಲಿನ ಪ್ರೀತಿಯಿಂದಲ್ಲ. ಇವಳೇ ಹಾಡಬಲ್ಲಳೆಂದರೆ ಊರೆಲ್ಲ ಹಾಡಬಲ್ಲದು ಎಂಬ ಲೆಕ್ಕಾಚಾರ.

“ಅಷ್ಟು ಮೇಲೆ ನಂಗಾಗಲ್ಲ ಕಣೇ ಅಕ್ಕ.”

“ಆಗತ್ತೆ. ಹೆದರ್ಕೋಬೇಡ, ಹೋಗು.”

ಹೋದೆ. ಪಕ್ಕದ ಮನೆಯ ಆಂಟಿ ಓಡಿಬಂದು, “ಏನಾಯ್ತು ಮಗೂಗೆ, ಬಾಗಿಲಿಗೆ ಬೆರಳು ಸಿಕ್ಕಾಕೊಂಡ್ತಾ?” ಎಂದರು.

ಮದುವೆಯಾಗಿ ಅಕ್ಕ ಬನಶಂಕರಿಗೆ ಹೋದಳು. ತುಂಬಿದ ಮನೆ. ಬೆಳಕು ಹರಿಯುವ ಮೊದಲೇ ಶುರುವಾಗುವ ಅಡುಗೆ. ಆಗ ಅವಳ ಮಟ್ಟುಗಳು ಚಿಕ್ಕವಾದವು. ನಾನು ಬಸ್ಸು ಹಿಡಿದು ನೋಡಲು ಹೋದರೆ, ಸೊಪ್ಪು ಬಿಡಿಸುತ್ತ ಒಂದೇ ಸಾಲು ಹಾಡಿ ನಿಲ್ಲಿಸುತ್ತಿದ್ದಳು.

“ಮುಂದೆ?” ಎಂದರೆ, “ಇಷ್ಟೇ. ಉದ್ದ ಮಾಡಿದ್ರೆ ಮಧ್ಯ ಯಾರಾದ್ರೂ ಕರೀತಾರೆ, ಮರ್ತೋಗತ್ತೆ” ಎಂದು ನಗುತ್ತಿದ್ದಳು. ಅದು ನಗುವ ಮಾತಲ್ಲವೆಂದು ನನಗೆ ತಿಳಿದದ್ದು ನನಗೂ ಒಂದು ಅಡುಗೆಮನೆ ಬಂದ ಮೇಲೆ.

ಮಗಳು ಇಳಾ ಹುಟ್ಟಿದಾಗ ಸ್ವರವೇ ಕೆಳಗಿಳಿಯಿತು. ಮಗು ಏಳಬಾರದಲ್ಲ! ತುದಿಗಾಲಲ್ಲಿ ನಡೆಯುವಂತೆ ಮಂದ್ರದಲ್ಲಿ ಹಾಡುತ್ತಿದ್ದಳು. ನನ್ನ ಕೇಳಿದರೆ ಅವಳ ಅತ್ಯುತ್ತಮ ಮಟ್ಟುಗಳು ಆ ಜೋಗುಳಗಳೇ. ಇಳಾಳಿಗೆ ಮಾತ್ರ ಒಂದೂ ನೆನಪಿಲ್ಲ. “ನಿದ್ದೆ ಬಂದ್ಬಿಡ್ತಿತ್ತಲ್ಲ ಚಿಕ್ಕಮ್ಮ” ಎನ್ನುತ್ತಾಳೆ. ಜೋಗುಳ ಕಟ್ಟಿದವರಿಗೆ ಇದಕ್ಕಿಂತ ದೊಡ್ಡ ಬಿರುದು ಬೇಕೆ?

ಭಾವನಿಗೆ ಸಂಗೀತದ ಗಂಧವಿರಲಿಲ್ಲ. ಆದರೂ ಪಲ್ಲವಿ ಮುಗಿಯುವುದೇ ತಡ, ಓದುತ್ತಿದ್ದ ಪೇಪರಿನಿಂದ ತಲೆಯೆತ್ತದೆ “ಚೆನ್ನಾಗಿದೆ” ಎನ್ನುತ್ತಿದ್ದರು. “ಇನ್ನೂ ಮುಗ್ದಿಲ್ಲ ರೀ!” ಎಂದು ಅಕ್ಕ ರೇಗುತ್ತಿದ್ದಳು. ಇಳಾಳ ಮದುವೆಯಾದ ಮರುವರ್ಷ, ಬೆಳಗಿನ ವಾಕಿಂಗಿಗೆ ಹೋದ ಭಾವ ಪಾರ್ಕಿನ ಬೆಂಚಿನ ಮೇಲೆ ಎದೆ ಹಿಡಿದುಕೊಂಡು ಕೂತರಂತೆ. ಮತ್ತೆ ಏಳಲಿಲ್ಲ.

ಅಕ್ಕ ಹಾಡುವುದನ್ನೇ ಬಿಟ್ಟಳು. ಹಾರ್ಮೋನಿಯಂ ಪೆಟ್ಟಿಗೆಯ ಮೇಲೆ ಮಡಿಸದ ಬಟ್ಟೆಗಳು ಬಂದು ಕೂತವು. ನಾವು ಯಾರೂ ಅದರ ಮಾತೆತ್ತಲಿಲ್ಲ. ಬಹಳ ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಅವಳೇ ಫೋನ್ ಮಾಡಿದಳು. “ಬಾರೇ, ನೀನು ಹಾಡ್ಬೇಕು.”

ಹೋದೆ. ಬಟ್ಟೆಗಳು ಕುರ್ಚಿಗೆ ಹೋಗಿದ್ದವು. ‘ಸಂಜೆ ಬೆಳಕು ಬಂದು ಕೂತಿದೆ, ಎಬ್ಬಿಸಬೇಡಿ’ ಎಂಬುದು ಪಲ್ಲವಿ. ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ನಡುವಿನ ನಾಲ್ಕೈದು ಸ್ವರಗಳಲ್ಲೇ ಮನೆಯೊಳಗೆ ಓಡಾಡಿದಂತೆ ಒಂದು ಮಟ್ಟು. ಪಲ್ಲವಿ ಮುಗಿಸಿ ಚರಣಕ್ಕೆ ಹೊರಟೆ. ಅಕ್ಕ ಕೈ ಅಡ್ಡ ಮಾಡಿದಳು.

“ತಡಿ. ಅಲ್ಲಿ ಸ್ವಲ್ಪ ಬಿಡು.”

“ಬಿಟ್ರೆ ತಾಳ ತಪ್ಪತ್ತಲ್ಲೇ.”

“ತಪ್ಲಿ ಬಿಡು. ಅವ್ರು ಚೆನ್ನಾಗಿದೆ ಅಂತಾರಲ್ಲ, ಅದಕ್ಕೆ ಜಾಗ.”

ಆ ದಿನ ನನ್ನಿಂದ ಮುಂದೆ ಹಾಡಲಾಗಲಿಲ್ಲ. ಅಕ್ಕ ಒಳಗೆ ಹೋಗಿ ಕಾಫಿ ಮಾಡಿ ತಂದಳು.

ಆ ಹಾಡಿಗೆ ಇನ್ನೊಂದು ಚರಣವೂ ಇತ್ತು. ಮಾತುಗಳಿದ್ದವು, ಮಟ್ಟು ಸಿಕ್ಕಿರಲಿಲ್ಲ. “ಸಿಗತ್ತೆ, ಅವಸರ ಏನು” ಎನ್ನುತ್ತಿದ್ದಳು. ಅವಸರ ಕಾಯಿಲೆಗಿತ್ತು. ಆಸ್ಪತ್ರೆಯ ಹಾಸಿಗೆಯಲ್ಲೂ ಅವಳ ಬೆರಳುಗಳು ಹೊದಿಕೆಯ ಮೇಲೆ ಹಾರ್ಮೋನಿಯಂ ನುಡಿಸುವಂತೆ ಓಡುತ್ತಿದ್ದವು. “ಸಿಕ್ತಾ?” ಎಂದು ಕೇಳಿದರೆ ತಲೆಯಾಡಿಸುತ್ತಿದ್ದಳು, ಇಲ್ಲ ಎಂದು. ಕೊನೆಗೂ ಸಿಗಲಿಲ್ಲ.

ಈ ಭಾನುವಾರ ಇಳಾ ಜೆ.ಪಿ. ನಗರದಿಂದ ಶ್ರೀನಗರದ ನಮ್ಮ ಮನೆಗೆ ಬಂದಿದ್ದಳು. ಊಟವಾದ ಮೇಲೆ ಇದ್ದಕ್ಕಿದ್ದಂತೆ, “ಚಿಕ್ಕಮ್ಮ, ಅಮ್ಮನ ಕೊನೇ ಹಾಡು ಹೇಳ್ಕೊಡ್ತೀಯಾ? ಟ್ಯೂನ್ ಮರೆತೋಗ್ತಿದೆ, ಭಯ ಆಗತ್ತೆ” ಎಂದಳು. ಹೇಳಿಕೊಟ್ಟೆ. ಪಲ್ಲವಿಯಾಯಿತು, ಮೊದಲ ಚರಣವಾಯಿತು.

“ಇನ್ನೊಂದು ಇದ್ಯಲ್ಲ?”

“ಅದಕ್ಕೆ ಮಟ್ಟಿಲ್ಲ ಕಣೇ. ಬರೀ ಮಾತು.”

“ಮಾತೇ ಹೇಳು ಮತ್ತೆ.”

ಮಾತನ್ನೇ ಹೇಳಲು ಹೊರಟೆ. ಎರಡನೆಯ ಪದಕ್ಕೆ ದನಿ ತಾನಾಗಿ ಒಂದು ಕಡೆ ತಿರುಗಿತು. ಜೀವಮಾನವೆಲ್ಲ ಅಕ್ಕ ತೋರಿಸಿದ ದಾರಿಯಲ್ಲಿ ಹಾಡಿದವಳು ನಾನು. ಈ ತಿರುವನ್ನು ಯಾರೂ ತೋರಿಸಿರಲಿಲ್ಲ. ಅರವತ್ತರ ಹೊಸ್ತಿಲಿನ ಒಡಕು ದನಿ, ಅಲ್ಲಲ್ಲಿ ಮುಗ್ಗರಿಸಿತು, ಒಂದು ಕಡೆ ನಿಂತು ಸುಧಾರಿಸಿಕೊಂಡಿತು, ಆದರೂ ಸಾಲುಗಳ ಕೊನೆ ಮುಟ್ಟಿತು.

“ಇದು ಅಮ್ಮಂದಾ?” ಇಳಾ ಮೆಲ್ಲಗೆ ಕೇಳಿದಳು.

“ಅಲ್ಲ. ನಂದು ಅನ್ಸತ್ತೆ.”

ಮೂರನೆಯ ಸಾಲು ಸರಿಯಿಲ್ಲವೆಂದು ನನಗೇ ಗೊತ್ತಿತ್ತು. ಅಕ್ಕನಾಗಿದ್ದರೆ ಅದನ್ನು ಅಲ್ಲೇ ತಡೆದು ತಿದ್ದುತ್ತಿದ್ದಳು. ಕಾದೆ. ತಿದ್ದಲು ಅವಳಿಲ್ಲವೆಂಬುದು ಎರಡು ವರ್ಷದಲ್ಲಿ ಮೊದಲ ಸಲ ನನಗೆ ಪೂರ್ತಿಯಾಗಿ ತಿಳಿಯಿತು.

“ಇನ್ನೊಂದ್ಸಲ ಹೇಳು ಚಿಕ್ಕಮ್ಮ, ನಾನೂ ಹೇಳ್ತೀನಿ,” ಎಂದಳು ಇಳಾ.

ಅವಳ ಗಂಟಲಿಗೆ ಹೊಂದಲೆಂದು ಶ್ರುತಿ ಸ್ವಲ್ಪ ಏರಿಸಿದೆ. ಮೂರನೆಯ ಸಾಲನ್ನು ನಾನೇ ತಿದ್ದಿದೆ.